ಅಡಿಟಿಪ್ಪಣಿಯಾದ ನಾಲ್ಕು ಸಾಲು

"ಪತ್ರಿಕೆಯವರು ನಿನ್ನ ವಿವರಣೆಯನ್ನೇ ಕವಿತೆ ಅಂತ ಅಚ್ಚು ಹಾಕಿಬಿಟ್ರಾ?"

"ಹನ್ನೆರಡು ಪುಟಾನೂ! ಕವಿತೆ ಕೊನೇ ಹಾಳೇಲಿ ಅಡಿಟಿಪ್ಪಣಿ ಆಗಿ ಕೂತಿದೆ ಕಣೇ."

ಬಫಲೋ ನಗರದ ಬಸ್ ನಿಲ್ದಾಣದಲ್ಲಿ ಕೂತಿದ್ದ ಸ್ಟೆಲ್ಲಾ, ಕಿವಿ ಮುಚ್ಚಿದ್ದ ಉಣ್ಣೆ ಟೋಪಿಯನ್ನು ಮೆಲ್ಲಗೆ ಮೇಲೆ ಸರಿಸಿದಳು. ಪಕ್ಕದಲ್ಲಿ ಗೆಳತಿಯರಿಬ್ಬರು, ನಡುವೆ ಒಂದು ಪತ್ರಿಕೆ.

"ಅಷ್ಟುದ್ದ ಯಾಕೆ ಬರೆದೆ ಥಿಯಾ?"

"ಜೊತೆಗೆ ಸಿದ್ಧಾಂತ ಇಲ್ದಿದ್ರೆ ಕವಿತೇನ ಯಾರೂ ಮುಟ್ಟಲ್ಲ ಮೇವಿಸ್. ಈಗ ನೋಡು, ಪ್ರಯೋಗ ಅಂದ್ರೆ ಇದು ಅಂತ ವಿಶ್ವವಿದ್ಯಾಲಯದವರು ಕೆಲಸದ ಸಂದರ್ಶನಕ್ಕೆ ಕರೆದಿದ್ದಾರೆ. ಹತ್ತು ಗಂಟೆಗೆ ಅವರ ಮುಂದೆ ಓದ್ಬೇಕು."

"ಓದು. ಅರ್ಥ ಆಗದಿದ್ರೆ ಸಂಬಳ ಜಾಸ್ತಿ ಕೊಡ್ತಾರೆ."

"ತಮಾಷೆ ಬೇಡ. ಅದು ಕವಿತೆ ಅಲ್ಲ ಅಂತ ನಿಜ ಹೇಳಿದ್ರೆ ಕೆಲಸ ಹೋಗುತ್ತೆ. ಹೇಳದಿದ್ರೆ ಜನ್ಮವಿಡೀ ವಿವರಣೇನೇ ಬರೀಬೇಕು."

ಸ್ಟೆಲ್ಲಾಗೆ ತಡೆಯಲಾಗಲಿಲ್ಲ. "ಅಲ್ಲ ಮಗಳೇ, ಕವಿತೆ ಏನು ಹೇಳುತ್ತೆ?"

ಥಿಯಾ ನಾಚಿಕೊಂಡೇ ಹೇಳಿದಳು:

"ಚಳಿಗೆ ಅಪ್ಪನ ಲಾರಿ ಕೆಮ್ಮುತ್ತೆ,
ಒಳಗೆ ಅಪ್ಪಾನೂ ಕೆಮ್ತಾನೆ.
ಇಬ್ಬರೂ ಸ್ಟಾರ್ಟ್ ಆಗೋವರೆಗೂ
ಮಕ್ಕಳು ನಾವು ಉಸಿರು ಬಿಡಲ್ಲ."

"ನಮ್ಮನೇಲೂ ಹೀಗೇ ಇತ್ತು. ಇದಕ್ಕೆ ಹನ್ನೆರಡು ಪುಟ ಯಾಕಮ್ಮಾ?"

"ಅದನ್ನ ಆ ವಿಶ್ವವಿದ್ಯಾಲಯದವರನ್ನೇ ಕೇಳ್ಬೇಕು ಮೇಡಂ," ಎಂದಳು ಮೇವಿಸ್. ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಬಸ್ಸು ಬಂತು. ಗೆಳತಿಯರು ಹತ್ತಿ ಹೋದ ಮೇಲೆ ನೋಡಿದರೆ ಪತ್ರಿಕೆ ಬೆಂಚಿನ ಮೇಲೇ ಉಳಿದಿತ್ತು. ಅಯ್ಯೋ, ಸಂದರ್ಶನದಲ್ಲಿ ಈ ಹುಡುಗಿ ಏನು ಓದುತ್ತಾಳೆ ಎಂದು ಸ್ಟೆಲ್ಲಾ ಗಾಬರಿಯಿಂದ ಬಿಡಿಸಿದಳು. ವಿವರಣೆಯೆಲ್ಲ ಹಾಗೇ ಇತ್ತು. ಕೊನೆಯ ಹಾಳೆಯನ್ನು ಮಾತ್ರ ಥಿಯಾ ನೀಟಾಗಿ ಹರಿದುಕೊಂಡು ಹೋಗಿದ್ದಳು.