ಬೀರುವಿನೊಳಗಿನ ವೈಫೈ

ಲ್ಯಾಪ್‌ಟಾಪ್ ರಿಪೇರಿ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಅಪ್ಪ, ಮಗಳು ನಿಂತಿದ್ದರು.

“ಹೊಸ ಲ್ಯಾಪ್‌ಟಾಪು, ಆದ್ರೂ ಮನೇಲಿ ಇಂಟರ್ನೆಟ್ಟು ಆಮೆ ಥರ ತೆವಳುತ್ತೆ,” ಎಂದರು ಅಪ್ಪ.

“ಇಲ್ಲಿ ಚೆನ್ನಾಗೇ ಓಡ್ತಿದೆ ಸಾರ್. ವೈಫೈ ಡಬ್ಬಿ ಎಲ್ಲಿಟ್ಟಿದ್ದೀರಿ?” ಎಂದು ಅಂಗಡಿಯವನು ಕೇಳಿದ.

“ಬೀರು ಒಳಗೆ. ಧೂಳು ಕೂರಬಾರ್ದು ಅಂತ ತೂತು ಕೊರೆಸಿ ವೈರ್ ಎಳೆಸಿದ್ದೀನಿ.”

“ಕಬ್ಬಿಣದ ಬೀರು ದಾಟಿ ಸಿಗ್ನಲ್ ಹೇಗೆ ಬರುತ್ತೆ ಸಾರ್?”

ಅಪ್ಪ ಮಗಳತ್ತ ತಿರುಗಿದರು. “ನಿನ್ನ ಇಂಟರ್‌ವ್ಯೂ ಕಟ್ಟಾದಾಗ, ಉತ್ತರ ಗೊತ್ತಿಲ್ದೆ ನೆಪ ಹೇಳ್ತೀಯ ಅಂದ್ಬಿಟ್ಟೆನಲ್ಲೇ.”

“ಅದೂ ಮಾವನ ಮುಂದೇನೇ ಅಂದೆ.”

ನಾನು ಕೈಯಲ್ಲಿದ್ದ ಚೀಟಿ ಓದುವವಳಂತೆ ತಲೆ ತಗ್ಗಿಸಿದೆ.

“ಅವನಿಗೆ ಫೋನ್ ಮಾಡಿ ತಪ್ಪು ನಂದೇ ಅಂತೀನಿ.”

“ಬೀರೂಗೆ ತೂತು ಕೊರೆಸಿದ್ದೂ ಹೇಳ್ತೀಯಾ?”

ಅಪ್ಪ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಬಾಗಿಲವರೆಗೆ ನಡೆದರು. ಅಲ್ಲಿಂದ, “ಹೇಳ್ತೀನಿ ತಾಯಿ,” ಎಂದದ್ದು ಕೇಳಿಸಿತು.