ದರ್ಜಿಯ ಕುದುರೆ

ಚೆಸ್ ಟೂರ್ನಿ ನಡೆಯುತ್ತಿದ್ದ ಸಭಾಂಗಣದ ಹೊರಗೆ ಚಹಾಕ್ಕೆ ಉದ್ದನೆಯ ಸಾಲು. ಆಗಷ್ಟೇ ಗೆದ್ದು ಬಂದ ಮೇಷ್ಟ್ರು ಸಾಲಿನ ಬಾಲ ಹಿಡಿದರು. ಮುಂದೆ ನಿಂತಿದ್ದವನು ಅವರಿಗೆ ಸೋತ ದರ್ಜಿಯೇ, ಪಕ್ಕದಲ್ಲಿ ಅವನ ಭಾಮೈದ. ಇಬ್ಬರೂ ತಿರುಗಿ ನೋಡಲಿಲ್ಲ.

"ಒಂದು ನಡೆಗೆ ಅರ್ಧ ಗಂಟೆ ಯೋಚ್ನೆ ಮಾಡಿದ್ರಾ ಭಾವ?"

"ನಾನೆಲ್ಲಿ ಯೋಚ್ನೆ ಮಾಡ್ದೆ? ಕುದುರೆ ನಡೆಸಿ ಕೈ ಕಟ್ಕೊಂಡು ಕೂತಿದ್ದೆ. ಅವರು ತಲೆ ಮೇಲೆ ಕೈ ಹೊತ್ಕೊಂಡು ಬೋರ್ಡನ್ನೇ ನೋಡ್ತಿದ್ರು. ಪಾಪ ಅನ್ನಿಸ್ತು."

"ನಡೆಸಿದ್ಮೇಲೆ ಗಡಿಯಾರ ಒತ್ತಿದ್ರಾ?"

"ಅದನ್ನೇ ಮರ್ತಿದ್ದು. ಅವರ ಟೈಮ್ ಓಡ್ತಿದೆ ಅಂದ್ಕೊಂಡೆ, ಓಡ್ತಿದ್ದದ್ದು ನಂದು. ತೀರ್ಪುಗಾರರು ಬಂದು ನಿಮ್ಮ ಟೈಮ್ ಮುಗೀತು, ಸೋತ್ರಿ ಅಂತ ಹೇಳ್ದಾಗ್ಲೇ ಗೊತ್ತಾಗಿದ್ದು."

"ಅಂದ್ರೆ ಅವರು ನಾಟಕ ಆಡಿದ್ದಾರೆ!"

"ಮತ್ತೆ? ಎಂಥಾ ತಲೆ! ಮುಖದಲ್ಲಿ ಒಂದು ಸುಳಿವೂ ಇಲ್ಲ."

"ಅಕ್ಕಂಗೆ ಏನಂತೀರಾ?"

"ನನ್ನ ಕುದುರೆಗೆ ಅವರ ಹತ್ರ ಉತ್ತರಾನೇ ಇರ್ಲಿಲ್ಲ ಅಂತೀನಿ."

"ಸುಳ್ಳಿಗೂ ಒಂದು ಮಿತಿ ಬೇಡ್ವಾ ಭಾವ!"

ಇಬ್ಬರೂ ನಗುತ್ತಾ ಲೋಟ ಹಿಡಿದು ಹೊರಟರು.

ಗಡಿಯಾರವನ್ನು ತಾವೂ ನೋಡಿರಲಿಲ್ಲ, ಆ ಕುದುರೆಗೆ ಉತ್ತರ ಇನ್ನೂ ಹೊಳೆದಿಲ್ಲ ಎಂದು ಕೂಗಿ ಹೇಳಲು ಮೇಷ್ಟ್ರು ಬಾಯಿ ತೆರೆದರು.

"ನಿಮಗೆ ಸಾರ್?" ಎಂದ ಚಹಾದವನು.

"ಸಕ್ಕರೆ ಸ್ವಲ್ಪ ಕಮ್ಮಿ," ಎಂದರು ಮೇಷ್ಟ್ರು.