ಯಾರೂ ಏನೂ ಅಂದಿಲ್ಲ

ಹೊಸಕೋಟೆ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗಾಗಿ ಚಡಪಡಿಸುತ್ತಿದ್ದ ಮುನಿರತ್ನಮ್ಮನಿಗೆ ಪಕ್ಕದ ಅಕ್ಕತಂಗಿಯರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ನನ್ ಮಗಳು ಮುದ್ದೆ ಇಟ್ರೆ ಕದ್ದು ಹಸುಗೆ ಹಾಕ್ತಾಳೆ ಕಣಕ್ಕ. ಮೊನ್ನೆ ಸ್ಕೂಲಲ್ಲಿ ತಲೆ ತಿರುಗಿ ಬಿದ್ಲು.”

“ಯಾಕಂತೆ?”

“ದಪ್ಪ ಆಗ್ಬಿಡ್ತೀನಿ ಅಂತಾಳೆ.”

“ಯಾರೋ ಆಡ್ಕೊಂಡಿರ್ತಾರೆ ಕಣೇ. ಈ ವಯಸ್ಸಲ್ಲಿ ಒಂದು ಮಾತು ಅಂದ್ರೂ ಮನಸ್ಸಿಗೆ ಹಚ್ಕೊಂಡ್ಬಿಡ್ತವೆ. ಸ್ಕೂಲಲ್ಲಿ ವಿಚಾರಿಸ್ದ್ಯಾ?”

“ವಿಚಾರಿಸ್ದೆ. ಯಾರೂ ಏನೂ ಅಂದಿಲ್ವಂತೆ.”

“ಮನೇಲಿ?”

“ನಮ್ಮನೇಲಿ ಯಾರಂತಾರಕ್ಕ? ಅವಳಂದ್ರೆ ಎಲ್ಲಾರ್ಗೂ ಪ್ರಾಣ.”

ಅಷ್ಟರಲ್ಲಿ ಸೂಲಿಬೆಲೆ ಬಸ್ಸು ಬಂತು. ತಂಗಿ ಗಡಿಬಿಡಿಯಲ್ಲಿ ಬ್ಯಾಗು ಎತ್ತಿಕೊಂಡು ಮೂಲೆಯ ಕಲ್ಲುಬೆಂಚಿನ ಕಡೆ ಕೂಗಿದಳು:

“ಲೇ ಡುಮ್ಮೀ! ಬಾರೇ, ಬಸ್ ಬಂತು!”

ಮುನಿರತ್ನಮ್ಮ ಥಟ್ಟನೆ ತಿರುಗಿ ನೋಡಿದಳು. ಸೊಂಟದಲ್ಲಿ ನಿಲ್ಲದ ಲಂಗವನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಕಡ್ಡಿಯಂಥ ಹುಡುಗಿಯೊಬ್ಬಳು ಎದ್ದು ಬಂದಳು.